ಪಾಯಿಂಟರ್ ನಾಯಿ ಸಾಕಿದ್ದೀರಿ, ಬೇಟೆಗೆ ಯಾಕೆ ಹೋಗಲ್ಲ?

ನನ್ನ ಪಾಯಿಂಟರ್ ನಾಯಿ ಚುಕ್ಕಿಯನ್ನು ಕರೆದುಕೊಂಡು ಕೋಥ್ರೂಡಿನ ರಸ್ತೆಗಿಳಿದರೆ ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಪುಣೆಯ ಕನ್ನಡ ಗೆಳೆಯರೂ ಕೇಳುತ್ತಾರೆ, ಪಕ್ಕದ ಸೊಸೈಟಿಯ ಮರಾಠಿ ಹುಡುಗರೂ ಕೇಳುತ್ತಾರೆ. ಬಾಗಲಕೋಟೆಯಿಂದ ಬಂದ ನಮ್ಮ ಮಾವ ಮಾತ್ರ ನೇರವಾಗಿ ಬೈದರು. "ಬ್ಯಾಟಿ ನಾಯಿ ತಂದು ಫ್ಲ್ಯಾಟಿನಾಗ ಕೂಡ್ರಿಸೀಯಲ್ಲೋ, ಅದಕ್ಕ ಅನ್ಯಾಯ ಅಲ್ಲೇನು? ಸಾಕೂದಿದ್ರ ಮುಧೋಳ ನಾಯಿ ಸಾಕಬೇಕಿತ್ತು."

ಮಾವನ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮುಧೋಳ ನಾಯಿ ಕಣ್ಣಿನ ನಾಯಿ. ಮೊಲ ಕಂಡರೆ ಸಾಕು, ಓಡಿ ಹಿಡಿಯುತ್ತದೆ. ಇಲ್ಲಿ ಮಹಾರಾಷ್ಟ್ರದಲ್ಲಿ ಆ ಜಾತಿಗೆ ಕಾರವಾನ್ ಅನ್ನುತ್ತಾರೆ. ಪಾಯಿಂಟರ್ ಮೂಗಿನ ನಾಯಿ. ಅದಕ್ಕೆ ಹಕ್ಕಿ ಕಾಣಬೇಕೆಂದೇನೂ ಇಲ್ಲ. ಗಾಳಿಗೆ ಎದುರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಹೊಲ ಪೂರ್ತಿ ಜಾಲಾಡುತ್ತದೆ. ವಾಸನೆ ಸಿಕ್ಕಿತೋ, ನಿಂತುಬಿಡುತ್ತದೆ. ಬೆಕ್ಕು ಇಲಿಯ ಮೇಲೆ ಎಗರುವ ಮುಂಚೆ ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ ಅಲ್ವಾ? ಆ ಒಂದು ಗಳಿಗೆಯನ್ನೇ ಯುರೋಪಿನ ಜನ ತಲೆಮಾರುಗಟ್ಟಲೆ ನಾಯಿಗಳನ್ನು ಆರಿಸಿ ಆರಿಸಿ ನಿಮಿಷಗಟ್ಟಲೆ ಬೆಳೆಸಿದರು. ಹಕ್ಕಿಗೆ ಬಂದೂಕು ಬಳಸುವ ಕಾಲಕ್ಕೂ ಮೊದಲು, ಹೀಗೆ ಹಕ್ಕಿ ತೋರಿಸುವ ನಾಯಿಗಳ ಮುಂದೆ ಬಲೆ ಎಳೆಯುತ್ತಿದ್ದರು.

ಈಗ ಬೇಟೆಯ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಅದರಲ್ಲೂ ಲೈಸೆನ್ಸ್ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಕಾಡು ಲಾವಕ್ಕಿ ಹೊಡೆದರೆ ಅಪರಾಧ. ಅಂಗಡಿಯಲ್ಲಿ ಸಿಗುವುದು ಫಾರ್ಮಿನಲ್ಲಿ ಸಾಕಿದ ಜಪಾನಿ ಲಾವಕ್ಕಿ, ಅದು ಬೇರೆ.

ಆದರೆ ಕಾನೂನಿಗಿಂತ ನನ್ನನ್ನು ಜಾಸ್ತಿ ತಡೆಯುವುದು ಇನ್ನೊಂದು. ಒಂದು ಸಮುದಾಯಕ್ಕೆ ನಮ್ಮ ಕಡೆ ಹರಣಶಿಕಾರಿಗಳು ಅನ್ನುತ್ತೇವೆ, ಪುಣೆ ಕಡೆ ಫಾಸೆ ಪಾರಧಿ ಅನ್ನುತ್ತಾರೆ. ಉರುಳು ಒಡ್ಡಿ ಗೌಜುಗ, ಲಾವಕ್ಕಿ ಹಿಡಿದು ಹೊಟ್ಟೆ ಹೊರೆದ ಜನ. ಬ್ರಿಟಿಷರು ಅವರನ್ನು ಹುಟ್ಟು ಅಪರಾಧಿಗಳು ಎಂದು ಪಟ್ಟಿಗೆ ಸೇರಿಸಿದ್ದರು. ಆ ಕಾನೂನು ರದ್ದಾಗಿದ್ದು 1952ರಲ್ಲಿ. ಆಮೇಲೆ ಬೇಟೆಯ ನಿಷೇಧ ಬಂತು, ಕುಲಕಸುಬೂ ಹೋಯಿತು. ಊಟಕ್ಕಾಗಿ ಹಿಡಿಯುತ್ತಿದ್ದವರನ್ನು ತಡೆದ ಮೇಲೆ, ಭಾನುವಾರದ ಖುಷಿಗೆ ನಾನು ಹೊಡೆಯುತ್ತೇನೆ ಅಂದರೆ ಯಾವ ನ್ಯಾಯ?

ಇನ್ನು ಚುಕ್ಕಿಗೆ ಅನ್ಯಾಯ ಆಗುತ್ತಿದೆಯಾ ಅನ್ನುವುದು. ಇದಕ್ಕೆ ಒಂದು ಬೆಳಿಗ್ಗೆಯ ಕತೆ ಹೇಳಬೇಕು.

ಸಾಸವಡದ ಹತ್ತಿರ ಗೆಳೆಯರೊಬ್ಬರ ಹೊಲ ಇದೆ. ಜನವರಿ ತಿಂಗಳು, ಇಬ್ಬನಿ ಇನ್ನೂ ಆರಿರಲಿಲ್ಲ. ವಾಸನೆ ಹಿಡಿಯಲು ಅದೇ ಒಳ್ಳೆ ಹೊತ್ತು. ಬಿಸಿಲೇರಿ ನೆಲ ಒಣಗಿದರೆ ನಾಯಿಯ ಮೂಗಿಗೆ ಕಷ್ಟ. ಚುಕ್ಕಿಗೆ ಮೂವತ್ತು ಅಡಿ ಹಗ್ಗ ಕಟ್ಟಿದ್ದೆ. ಜೋಳದ ಹೊಲದ ಬದುವಿನ ಮೇಲೆ ಹೋಗುತ್ತಿದ್ದವಳ ತಲೆ ಒಮ್ಮೆಲೇ ಬಲಕ್ಕೆ ಹೊರಳಿತು. ಮೈ ಮಾತ್ರ ಇದ್ದ ಹಾಗೇ ಉಳಿಯಿತು. ಒಂದು ಮುಂಗಾಲು ಮಡಿಚಿ ಮೇಲೆ. ಬಾಲ ಕಡ್ಡಿಯ ಹಾಗೆ ನೆಟ್ಟಗೆ.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹೊಳ್ಳೆ ಅಗಲಿಸಿ ಗಾಳಿ ಎಳೆಯುತ್ತಿದ್ದಳು. ಹಿಂದೊಡೆ ಸಣ್ಣಗೆ ನಡುಗುತ್ತಿತ್ತು. ಕೆಳದುಟಿಯಿಂದ ಜೊಲ್ಲಿನ ಎಳೆಯೊಂದು ಇಳಿದು ಹುಲ್ಲಿನ ತುದಿಗೆ ತಾಗಿತ್ತು. ನಾಲಿಗೆಯಿಂದ ಅದನ್ನು ಒರೆಸಿಕೊಳ್ಳಲೂ ಅವಳು ಅಲ್ಲಾಡಲಿಲ್ಲ. ನನಗೆ ಕಂಡಿದ್ದು ಒಂದು ಬಾರಿಕಂಟಿ, ಅದರ ಬುಡದಲ್ಲಿ ಒಣಹುಲ್ಲು, ಅಷ್ಟೇ. "ತಡಿ" ಅಂದು ಒಂದು ಹೆಜ್ಜೆ ಮುಂದಿಟ್ಟೆ. ಫರ್ರ್! ನೆಲವೇ ಒಡೆದ ಹಾಗೆ ಎಂಟು ಹತ್ತು ಹಕ್ಕಿ ಎದ್ದವು. ಒಂದೊಂದು ಒಂದೊಂದು ದಿಕ್ಕಿಗೆ. ಅಡವಿ ಲಾವಕ್ಕಿಗಳು. ಗುಂಪಾಗಿ ಕಂಟಿಯ ಕೆಳಗೆ ಅಡಗಿ, ಇನ್ನೇನು ತುಳಿಯುತ್ತಾರೆ ಅನ್ನುವ ತನಕ ಏಳದೇ ಇರುವುದು ಅವುಗಳ ರೀತಿ.

ಚುಕ್ಕಿ ಬೆನ್ನಟ್ಟಲಿಲ್ಲ. ಹಕ್ಕಿಗಳು ಹೋದ ಕಡೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಬಾಲ ಅಲ್ಲಾಡಲು ಶುರುವಾಯಿತು. ಆ ಮುಖದಲ್ಲಿ ಏನೋ ಬಾಕಿ ಉಳಿಯಿತು ಅನ್ನುವ ಗುರುತೇ ಇರಲಿಲ್ಲ ಮಾವ. ಹುಡುಕಿದಳು, ನಿಂತಳು, ತೋರಿಸಿದಳು. ಬಂದೂಕು ಇದ್ದಿದ್ದರೆ ಅದು ನನ್ನ ಕೆಲಸ ಆಗಿರುತ್ತಿತ್ತು, ಅವಳದಲ್ಲ.

ಹಾಗಾದರೆ ವಾರವಾರ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸಿ ಅಂತ ಕೆಲವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದೇ ವರ್ಷ ಜುಲೈನಲ್ಲಿ, ಅದೇ ಹೊಲದ ಅಂಚಿನಲ್ಲಿ, ಹಗ್ಗ ಕಟ್ಟಿದ್ದರೂ ಚುಕ್ಕಿ ಒಂದು ಗೂಡಿನ ಮೇಲೆ ಹೋದಳು. ನೆಲದಲ್ಲಿ ಅಂಗೈಯಷ್ಟು ಕುಳಿ, ಆರು ಮೊಟ್ಟೆ. ತಾಯಿ ಹಕ್ಕಿ ಕಾಲ ಬುಡದಿಂದಲೇ ಎದ್ದು ಹೋಯಿತು, ಮಳೆ ಲಾವಕ್ಕಿ ಎಂಬ ಇನ್ನೊಂದು ಜಾತಿಯದು. ನಾನು ಹಗ್ಗ ಜಗ್ಗಿದೆ, ಅವಳ ಹಿಂಗಾಲು ಜಾರಿತು, ಒಂದು ಮೊಟ್ಟೆ ಒಡೆಯಿತು. ಮಳೆ ಲಾವಕ್ಕಿಗಳು ಮರಿ ಮಾಡುವುದೇ ಮಳೆಗಾಲದಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದೆ. ಹಕ್ಕಿಗಳ ಗೂಡು, ಮೊಟ್ಟೆ ಕೆದಕುವುದನ್ನೂ ಕಾಯ್ದೆ ಬೇಟೆ ಅಂತಲೇ ಎಣಿಸುತ್ತದೆ. ಅವತ್ತು ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಸಾಸವಡ, ಸುಪೆ, ಇಂದಾಪುರದ ಕಡೆಯ ಹುಲ್ಲುಗಾವಲುಗಳಲ್ಲಿ ಹಕ್ಕಿ ಮಾತ್ರ ಇಲ್ಲ, ತೋಳಗಳೂ ಇವೆ. ನಾಯಿಗಳಿಂದ ಅವಕ್ಕೆ ಡಿಸ್ಟೆಂಪರ್ ರೋಗ ತಗಲಬಹುದು. ಅದಕ್ಕೇ ಈಗ ಚುಕ್ಕಿ ಅಲ್ಲಿಗೆ ಬರುವುದಿಲ್ಲ. ಹೋಗುವುದಿದ್ದರೆ ನಾನೊಬ್ಬನೇ, ಬೈನಾಕ್ಯುಲರ್ ಹಿಡಿದು.

ಅಮೆರಿಕದಲ್ಲಿ ಈಗಲೂ ಪಾಯಿಂಟರ್ ಜೊತೆ ಲಾವಕ್ಕಿ ಹೊಡೆಯುತ್ತಾರಲ್ಲ ಅನ್ನುವವರಿಗೆ ಒಂದು ಮಾತು. ಹೌದು, ಜಾರ್ಜಿಯಾದ ದಕ್ಷಿಣದಲ್ಲಿ ಬಾಬ್‌ವೈಟ್ ಎಂಬ ಲಾವಕ್ಕಿಗಾಗಿಯೇ ದೊಡ್ಡ ದೊಡ್ಡ ಜಮೀನು ಇಟ್ಟಿದ್ದಾರೆ. ಹರ್ಬರ್ಟ್ ಸ್ಟಾಡರ್ಡ್ ಎಂಬವರು ವರ್ಷಗಟ್ಟಲೆ ಆ ಹಕ್ಕಿಯ ಹಿಂದೆ ಬಿದ್ದು, ಆಗಾಗ ಲೆಕ್ಕ ಹಾಕಿ ಹುಲ್ಲಿಗೆ ಬೆಂಕಿ ಕೊಟ್ಟರೇ ಅದು ಉಳಿಯುವಂಥ ನೆಲ ಉಳಿಯುತ್ತದೆ ಎಂದು 1931ರಲ್ಲಿ ಬರೆದರು. ಈಗಲೂ ಹಾಗೇ ಸುಡುತ್ತಾರೆ. ಬೇಟೆಗೆ ಇಂತಿಷ್ಟು ತಿಂಗಳು, ದಿನಕ್ಕೆ ಇಂತಿಷ್ಟೇ ಹಕ್ಕಿ ಎಂಬ ನಿಯಮ ಇದೆ. ಅಂದರೆ ಅಲ್ಲಿ ಹಕ್ಕಿ ಹೊಡೆಯುವವರೇ ಅದರ ನೆಲಕ್ಕೂ ಖರ್ಚು ಮಾಡುತ್ತಾರೆ. ನಮ್ಮಲ್ಲಿ ಹುಲ್ಲುಗಾವಲನ್ನು ಪಾಳುಭೂಮಿ ಅಂತ ಬರೆದು, ಪ್ಲಾಟ್ ಹಾಕಿ ಮಾರುತ್ತಾರೆ. ಅವರ ಬಂದೂಕನ್ನಷ್ಟೇ ನಾವು ತಂದುಕೊಳ್ಳಲು ಆಗುವುದಿಲ್ಲ.

ಈಗ ಚುಕ್ಕಿಯ ಆಟ ಬೇರೆ. ಲಾವಕ್ಕಿ ಫಾರ್ಮಿನಿಂದ ಗರಿ ತಂದು ಹಳೆ ಕಾಲುಚೀಲಕ್ಕೆ ತುಂಬಿ ಹೊಲಿದಿದ್ದೇನೆ. ವಾರ್ಜೆ ಹತ್ತಿರದ ಒಂದು ಖಾಲಿ ಜಾಗದಲ್ಲಿ ಅದನ್ನು ಅಡಗಿಸಿ, ಗಾಳಿ ಎದುರಾಗುವ ಹಾಗೆ ಅವಳನ್ನು ಬಿಡುತ್ತೇನೆ. ಅದೇ ಹೊರಳು ಓಟ, ಅದೇ ಮಡಿಚಿದ ಕಾಲು, ಅದೇ ನಡುಕ. ಐದು ನಿಮಿಷ ಬೇಕಾದರೂ ನಿಲ್ಲುತ್ತಾಳೆ. ಆಮೇಲೆ ನಾನು ಎಸೆಯುತ್ತೇನೆ, ಹಲ್ಲು ತಾಗದ ಹಾಗೆ ಕಚ್ಚಿ ತರುತ್ತಾಳೆ.

ಕಳೆದ ಆಗಸ್ಟಿನಲ್ಲಿ ಸಾಸವಡದ ಆ ಹೊಲದ ಪಕ್ಕ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದೆವು. ಮಳೆ ಈಗಷ್ಟೇ ನಿಂತಿತ್ತು. ಹುಲ್ಲಿನೊಳಗಿಂದ ಗಂಡು ಮಳೆ ಲಾವಕ್ಕಿ ಕೂಗುತ್ತಿತ್ತು, ಎರಡೆರಡು ಸಲ, ವಿಟ್-ವಿಟ್, ವಿಟ್-ವಿಟ್. ಚುಕ್ಕಿ ಕಿಟಕಿಯಿಂದ ಮೂಗು ಹೊರಗೆ ಚಾಚಿ, ಹಿಂದಿನ ಸೀಟಿನ ಮೇಲೇ ಮುಂಗಾಲು ಎತ್ತಿ ನಿಂತಳು. ನಾನು ಇಂಜಿನ್ ಆಫ್ ಮಾಡಿದೆ. ಕೂಗು ನಿಲ್ಲುವ ತನಕ ಇಬ್ಬರೂ ಹಾಗೇ ಇದ್ದೆವು.