ಹಳ್ಳದ ಟರ್ಬೈನಿಗೆ ಮೀನು ಸಿಗದ ಹಾಗೆ: ಇಲ್ಲಿಯವರೆಗಿನ ಕೆಲಸ

ಅಕ್ಟೋಬರ್
ರಾತ್ರಿ ಊಟದ ಹೊತ್ತಿಗೆ ಲೈಟು ಮಿಣುಕತೊಡಗಿತು. ಮನೆಗೆ ಕರೆಂಟು ಕೊಡುವ ಹಳ್ಳದ ಟರ್ಬೈನಿನ ನಾಝಲ್‌ಗೆ (ಚಕ್ರಕ್ಕೆ ನೀರು ಚಿಮ್ಮಿಸುವ ಕಿರಿದಾದ ಮೂತಿ) ತರಗೆಲೆ ಸಿಕ್ಕಿರಬೇಕು ಅಂದುಕೊಂಡು ಬೆಳಿಗ್ಗೆ ಬಿಚ್ಚಿದೆ. ಎಲೆಯ ಜೊತೆ ಬೆರಳುದ್ದದ ಏಳು ಮೀನು. ಎರಡಕ್ಕೆ ತಲೆಯೇ ಇರಲಿಲ್ಲ.

ನಮ್ಮ ಹಳ್ಳ ಕೊನೆಗೆ ಸೇರುವುದು ತುಂಗೆಗೆ. ಶೃಂಗೇರಿಗೆ ಹೋದಾಗಲೆಲ್ಲ ಅದೇ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರುತ್ತೇವೆ. ಮನೆಗೆ ಬಂದರೆ ಇದು!

ಹೊಸಬರಿಗೆ ಲೆಕ್ಕ ಹೇಳಿಬಿಡುತ್ತೇನೆ. ನೀರು 22 ಮೀಟರ್ ಇಳಿಯುತ್ತದೆ, 4 ಇಂಚಿನ ಪಿವಿಸಿ ಪೈಪು. 200 ಲೀಟರ್ ಡ್ರಮ್ಮು 22 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ ಸುಮಾರು 9 ಲೀಟರ್. ಗುರುತ್ವದ 9.8 × 9 ಲೀಟರ್ × 22 ಮೀಟರ್ ಅಂದರೆ 1,940 ವ್ಯಾಟ್. ಅದರಲ್ಲಿ ಅರ್ಧ ಮನೆ ಮುಟ್ಟಿದರೆ ಪುಣ್ಯ.

ನವೆಂಬರ್
ಪೈಪಿನ ಬಾಯಿಗೆ 3 ಮಿಲಿಮೀಟರ್ ತೂತಿನ ಸ್ಟೀಲ್ ಜರಡಿ ಕಟ್ಟಿದೆ. ಅರ್ಧ ದಿನಕ್ಕೇ ಎಲೆ ಮೆತ್ತಿಕೊಂಡು ಟರ್ಬೈನ್ ನಿಂತಿತು. ಜರಡಿಗೆ ಎರಡು ಮೀನು ಅಂಟಿಕೊಂಡು ಸತ್ತಿದ್ದವು. ತೂತು ಸಣ್ಣದು ಮಾಡಿದರೆ ಸಾಕು ಅನ್ನುವುದು ನನ್ನ ದಡ್ಡತನ. ಅಷ್ಟು ಸಣ್ಣ ಬಾಯಿಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿಗಿಂತ ಜಾಸ್ತಿ ವೇಗದಲ್ಲಿ ನುಗ್ಗುತ್ತದೆ. ಆ ಸೆಳೆತಕ್ಕೆ ಎದುರು ಈಜಲು ಮರಿಮೀನಿಗೆ ಎಲ್ಲಿ ಆಗುತ್ತೆ?

ಬಾಯಿ ದೊಡ್ಡದಾಗಬೇಕಿತ್ತು. ದಡಕ್ಕೆ ತಾಗಿ ಸಿಮೆಂಟಿನ ಪೆಟ್ಟಿಗೆ ಕಟ್ಟಿ, ಅದರ ಒಂದು ಬದಿಗೆ 2 ಅಡಿ × 1.5 ಅಡಿಯ ಜರಡಿ ಕೂರಿಸಿದೆ. ಹರಿವಿಗೆ ಎದುರಾಗಿ ಅಲ್ಲ, ಹರಿವಿನ ಪಕ್ಕಕ್ಕೆ. ಈಗ ಎಲೆ ತನ್ನಷ್ಟಕ್ಕೆ ಜಾರಿ ಮುಂದೆ ಹೋಗುತ್ತದೆ. ಜರಡಿಯ ಅರ್ಧ ಭಾಗ ಮಾತ್ರ ತೂತು ಅಂತ ಹಿಡಿದರೂ ವೇಗ ಸೆಕೆಂಡಿಗೆ ಆರೇಳು ಸೆಂಟಿಮೀಟರ್. ಮೀನು ಹತ್ತಿರ ಬಂದು ಮೂಸಿ ನೋಡಿ ತಿರುಗಿ ಹೋಗುವುದನ್ನು ಕಣ್ಣಾರೆ ನೋಡಿದೆ. ಅವತ್ತು ತೋಟದ ಕೆಲಸ ಏನೂ ಆಗಲಿಲ್ಲ.

ಫೆಬ್ರವರಿ
ಇದು ಕಷ್ಟದ ಭಾಗ. ನೀರು ಕಡಿಮೆಯಾದಾಗ ಹಳ್ಳಕ್ಕೆ ಅಡ್ಡ ಹಾಕಿದ ನಮ್ಮ ಕಟ್ಟ ಇದ್ದಬದ್ದದ್ದನ್ನೆಲ್ಲ ಪೈಪಿಗೆ ಕೊಡುತ್ತದೆ. ಕಟ್ಟದಿಂದ ಟರ್ಬೈನಿನವರೆಗೆ ಹಳ್ಳದಲ್ಲಿ ಬರೀ ಕಲ್ಲು. ನೇತ್ರಾವತಿಯ ಉಪನದಿಗಳ ಕಿರು ಜಲವಿದ್ಯುತ್ ಕಟ್ಟೆಗಳ ಕೆಳಗೂ ಇದೇ ಕಥೆ. ಉಳಿದ ನೀರು ಬೆಚ್ಚಗಾಗಿ, ಆಮ್ಲಜನಕ ಇಳಿದು, ಅಲ್ಲಿನ ಮೀನಿನ ಜಾತಿಗಳೇ ಬದಲಾಗಿದ್ದನ್ನು ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 25 ಮೆಗಾವ್ಯಾಟಿಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಡ. ‘ಕಿರು’ ಅನ್ನುವ ಪದ ನಂಬಿಕೊಂಡು ನಾನೂ ಆರಾಮಾಗಿದ್ದೆ. ನಮ್ಮದು ಒಂದು ಕಿಲೋವ್ಯಾಟೂ ಇಲ್ಲ, ಅಲ್ವಾ?

ಕಟ್ಟದ ನಡುವೆ ಒಂದು ಕಚ್ಚು ಬಿಟ್ಟೆ. ಪೆಟ್ಟಿಗೆಯೊಳಗೆ ಪೈಪಿಗೆ ನೀರು ಹತ್ತಬೇಕಾದ ಅಂಚನ್ನು ಕಚ್ಚಿನ ತಳಕ್ಕಿಂತ ಮೂರು ಇಂಚು ಎತ್ತರಿಸಿದೆ. ಹಳ್ಳದ ಪಾಲು ಮೊದಲು, ಮಿಕ್ಕಿದ್ದು ನಮಗೆ. ವಾಲ್ವು ಇಲ್ಲ, ಸೆನ್ಸರು ಇಲ್ಲ. ನಾನೇ ಆಸೆಬಿದ್ದು ತಿರುಗಿಸೋಣ ಅಂದರೂ ತಿರುಗಿಸಲು ಏನೂ ಇಲ್ಲ.

ಹೋದ ವರ್ಷ ಮಾರ್ಚ್‌ವರೆಗೆ ಓಡಿದ ಟರ್ಬೈನ್ ಈ ಸಲ ಫೆಬ್ರವರಿ 11ಕ್ಕೇ ನಿಂತಿತು. ಅಮ್ಮ ಕೇಳಿದಳು, “ಅಲ್ಲಾ ಮಾರಾಯ, ಕರೆಂಟು ಹೋದಾಗ ಚಟ್ನಿ ನಿನ್ನ ಮೀನು ಅರೆದುಕೊಡ್ತಾವಾ?” ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಸೋಲಾರ್ ಪ್ಯಾನೆಲ್ ರೇಟು ಕೇಳಿ ಇಟ್ಟಿದ್ದೇನೆ.

ಜೂನ್
ಮಳೆ ಹಿಡಿದ ಮೂರನೇ ರಾತ್ರಿ ಟಾರ್ಚ್ ಹಿಡಿದು ಹೋದೆ. ಹತ್ತುಮೀನು, ಅಂದರೆ ಮಳೆ ಶುರುವಾದಾಗ ಮೀನು ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತುವುದು, ಶುರುವಾಗಿತ್ತು. ಕಚ್ಚಿನ ಕೆಳಗೆ ಒಂದು ಅಡಿ ಹಾರಬೇಕು. ದೊಡ್ಡವು ಎರಡು ಸಲ ಬಿದ್ದು ಮೂರನೇ ಸಲ ದಾಟಿದವು. ಸಣ್ಣವು ಸುಮ್ನೆ ಕಲ್ಲಿಗೆ ಬಡಿದುಕೊಳ್ಳುತ್ತಿದ್ದವು. ಮೊಣಕಾಲುದ್ದ ನೀರಲ್ಲಿ ನಿಂತು ಚಪ್ಪಟೆ ಕಲ್ಲು ಜೋಡಿಸಿ ಮೂರು ಮೆಟ್ಟಿಲು ಮಾಡಿದೆ. ಜಿಗಣೆ ಎಷ್ಟು ಹತ್ತಿದವೋ ಲೆಕ್ಕ ಇಡಲಿಲ್ಲ.

ಬೆಳಗಾಗುವಾಗ ಮೇಲಿನ ಗುಂಡಿಯಲ್ಲಿ ಸಣ್ಣ ಮೀನೂ ಕಂಡವು. ಆದರೆ ಕೆಳಗಿನ ಮೆಟ್ಟಿಲಿನ ಒಂದು ಕಲ್ಲು ಆಗಲೇ ಕೊಚ್ಚಿ ಹೋಗಿತ್ತು. ಮಳೆ ಸ್ವಲ್ಪ ಬಿಟ್ಟ ಮೇಲೆ ಸಿಮೆಂಟು ಹಾಕಬೇಕು.