ನಮ್ಮ ಮನೆ ಅಂದರೆ ಯಾರ ಮನೆ?

ಚಿಂಚೆರೊ ಮುಟ್ಟುವಾಗ ಬೆಳಿಗ್ಗೆ ಹತ್ತು ಗಂಟೆ. ಪೆರುವಿನ ಕುಸ್ಕೊ ಪೇಟೆಯೇ ಎತ್ತರದಲ್ಲಿದೆ. ಈ ಹಳ್ಳಿ ಅದಕ್ಕೂ ಮೇಲೆ, 3,700 ಮೀಟರ್ ದಾಟಿ. ಕೋಕಾ ಎಲೆಯ ಚಹಾ ಕುಡಿದರೂ ನಾಲ್ಕು ಹೆಜ್ಜೆಗೆ ಏದುಸಿರು. ಮಂಗಳೂರಿನ ಕಡಲ ಬದಿಯಲ್ಲಿ ಬೆಳೆದವನ ಪಾಡು.

ಬಾಡಿಗೆ ಕಾರಿನ ಹುಡುಗ ನೇಯ್ಗೆಯ ಅಜ್ಜಿಯೊಬ್ಬರ ಅಂಗಳಕ್ಕೆ ಕರೆದೊಯ್ದ. ಅಜ್ಜಿ ಬಾಗಿಲ ಕಡೆ ಕೈ ತೋರಿಸಿ "ವಸಿಯ್ಕು" ಅಂದರು. ನಮ್ಮ ಮನೆ ಅಂತ, ಅಂದ ಹುಡುಗ. ಇಲ್ಲಿಯವರ ಹಳೆಯ ನುಡಿ ಕೆಚುವಾದಲ್ಲಿ 'ವಸಿ' ಅಂದರೆ ಮನೆ. ನಮ್ಮ 'ವಾಸ' ನೆನಪಾಗಿ ಥಟ್ಟನೆ ತಲೆಗೆ ಹತ್ತಿತು (ಎರಡಕ್ಕೂ ಸಂಬಂಧವೇನೂ ಇಲ್ಲ ಅನ್ನಿ).

ಪಾಪಸುಕಳ್ಳಿಯ ಮೇಲೆ ಬೆಳೆಯುವ ಬಿಳಿ ಹುಳುವನ್ನು ಅಜ್ಜಿ ಅಂಗೈಯಲ್ಲಿ ಹೊಸಕಿದರು. ಕಡುಗೆಂಪು. ಅದಕ್ಕೇ ನಾಲ್ಕು ಹನಿ ಲಿಂಬೆ ಹಿಂಡಿದರು. ಕಿತ್ತಳೆ ಬಣ್ಣ! ಖುಷಿಯಲ್ಲಿ ನಾನು ಅವರ ಮನೆಯನ್ನೇ ತೋರಿಸಿ, ಕಲಿತ ಒಂದೇ ಪದವನ್ನು ಒಪ್ಪಿಸಿದೆ: "ವಸಿಯ್ಕು!"

ಅಜ್ಜಿ ಬಿದ್ದು ಬಿದ್ದು ನಕ್ಕರು. "ಮಾನನ್, ವಸಿಂಚಿಸ್" ಅಂದರು.

ಹುಡುಗ ಬಿಡಿಸಿ ಹೇಳಿದ. 'ವಸಿಯ್ಕು' ಅಂದರೆ ಕೇಳುವವರನ್ನು ಬಿಟ್ಟು ನಮ್ಮ ಮನೆ. ಅಜ್ಜಿಯ ಅಂಗಳದಲ್ಲೇ ನಿಂತು "ಇದು ನಮ್ಮದು, ನಿಮ್ಮದಲ್ಲ" ಅಂದುಬಿಟ್ಟಿದ್ದೆ! 'ವಸಿಂಚಿಸ್' ಅಂದರೆ ಕೇಳುವವರೂ ಸೇರಿದ ನಮ್ಮ ಮನೆ.

ಇದನ್ನು ಬೇರೆ ಯಾರಿಗಾದರೂ ಅರ್ಥ ಮಾಡಿಸಬೇಕಿತ್ತೇನೋ, ತುಳು ಮನೆಮಾತಿನವನಿಗೆ ಬೇಕಾಗಿರಲಿಲ್ಲ. ಕೇಳುವವರನ್ನು ಬಿಟ್ಟ ನಮ್ಮ ಮನೆ 'ಎಂಕ್ಲೆನ ಇಲ್ಲ್' ಬೇರೆ, ಅವರೂ ಸೇರಿದ 'ನಮ್ಮ ಇಲ್ಲ್' ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಮ್ಮ'. ಸ್ಪ್ಯಾನಿಷಿನಲ್ಲೂ ಒಂದೇ.

ಅಷ್ಟರಲ್ಲಿ ಮೊಮ್ಮಗ ಶಾಲೆಯಿಂದ ಬಂದ. ಅಜ್ಜಿ ಕೆಚುವಾದಲ್ಲಿ ಏನೋ ಕೇಳಿದರು, ಅವನು ಸ್ಪ್ಯಾನಿಷಿನಲ್ಲಿ ಉತ್ತರಿಸಿದ. ಮತ್ತೆ ಕೇಳಿದರು, ಮತ್ತೆ ಸ್ಪ್ಯಾನಿಷ್. ಇಬ್ಬರಿಗೂ ಅದು ವಿಚಿತ್ರ ಅನ್ನಿಸಲೇ ಇಲ್ಲ. ಅಜ್ಜಿಯ ಕಾಲಕ್ಕೆ ಶಾಲೆಯಲ್ಲಿ ಕೆಚುವಾ ಬಾಯಿಗೆ ಬಂದರೆ ಬೆತ್ತವಂತೆ. ಮಕ್ಕಳಿಗೆ ಆ ಪೆಟ್ಟು ಬೇಡವೆಂದು ಮನೆಯಲ್ಲೂ ಸ್ಪ್ಯಾನಿಷನ್ನೇ ಆಡಿಸಿದರಂತೆ. ಬೆತ್ತಕ್ಕಿಂತಲೂ ಹಳೆಯದು ಆ ಹಗೆ: 1781ರಲ್ಲಿ, ತನ್ನ ವಿರುದ್ಧ ದಂಗೆಯೆದ್ದ ಎರಡನೇ ತುಪಾಕ್ ಅಮಾರುವನ್ನು ಕುಸ್ಕೊದ ಚೌಕದಲ್ಲಿ ಕೊಂದ ಸ್ಪೇನಿನ ಆಡಳಿತ, ದಂಗೆಯ ಬೆನ್ನಿಗೇ ಈ ಭಾಷೆಯನ್ನೂ ಅಳಿಸಲು ಹೊರಟಿತ್ತು. 1975ರಲ್ಲಿ ಪೆರುವಿನ ವೆಲಾಸ್ಕೊ ಸರಕಾರ ಕೆಚುವಾವನ್ನು ಅಧಿಕೃತ ಭಾಷೆ ಮಾಡಿತು. 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಮಂದಿ ಅದು ತಮ್ಮ ತಾಯ್ನುಡಿ ಎಂದು ಬರೆಸಿದ್ದಾರೆ. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದ ಬಾಗಿಲಲ್ಲಿ ಇನ್ನೂ ಕಾಯುತ್ತಿರುವ ತುಳುವಿನವನಿಗೆ ಇದು ಕೇಳಲು ಚೆಂದವೇ. ಆದರೆ ಆ ಅಂಗಳದಲ್ಲಿ ಲೆಕ್ಕ ಸುಲಭವಿತ್ತು: ಕೇಳುವವರು ಒಬ್ಬರು, ಆ ಭಾಷೆಯಲ್ಲಿ ಉತ್ತರಿಸುವವರು ಯಾರೂ ಇಲ್ಲ.

ಹೊರಡುವಾಗ ಮೊಮ್ಮಗ ಗೇಟಿನವರೆಗೂ ಬಂದು, "ನುಯೆಸ್ತ್ರಾ ಕಾಸಾ" ಎಂದು ಹೆಂಚಿನ ಮಾಡು ತೋರಿಸಿದ. ನಮ್ಮ ಮನೆ. ಅದರಲ್ಲಿ ನಾನಿದ್ದೆನೋ ಇಲ್ಲವೋ ಗೊತ್ತಾಗಲಿಲ್ಲ.

ರಾತ್ರಿ ಬೆಂಗಳೂರಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು. "ಅಪ್ಪಾ, ಅಜ್ಜಿ ನಮ್ಮನೆಗೆ ಬಂದಿದ್ದಾರೆ!"

ಹಿಂದಿನಿಂದ ಅಮ್ಮನ ದನಿ: "ಅಕುಲು ಎಂಚ ಪಾತೆರುವೆರ್?" ಅಲ್ಲಿಯವರು ಹೇಗೆ ಮಾತಾಡುತ್ತಾರೆ ಅಂತ.

ನಾನು ಬಾಯಿ ತೆರೆಯುವ ಮೊದಲೇ ಮಗಳು ಉತ್ತರ ಕೊಟ್ಟಾಗಿತ್ತು, ಕನ್ನಡದಲ್ಲಿ. "ಸ್ಪ್ಯಾನಿಷ್, ಅಜ್ಜಿ."