ಹಳದಿ ಪಿನ್ನಿಗೆ ಹೊಸ ಟಿವಿಯಲ್ಲಿ ಜಾಗ ಎಲ್ಲಿ?

ಆಲ್ದೂರಿನ ತೋಟದ ಮನೆಯಲ್ಲಿದ್ದ ಹಳೆಯ ಟಿವಿ ಈ ಮಳೆಗಾಲದಲ್ಲಿ ಪೂರ್ತಿ ಕೆಟ್ಟುಹೋದ ಮೇಲೆ ಅಮ್ಮನಿಗೆಂದು 43 ಇಂಚಿನ 4ಕೆ ಟಿವಿಯೊಂದನ್ನು ತಂದೆವು. ಅದನ್ನು ಗೋಡೆಗೆ ಕೂರಿಸಿ, ಚಾನೆಲ್ಲುಗಳನ್ನು ಹೊಂದಿಸಿ, ಇನ್ನೇನು ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಅಮ್ಮ ಬೀರುವಿನಲ್ಲಿ ಟವೆಲ್ ಸುತ್ತಿಟ್ಟಿದ್ದ ಡಿವಿಡಿ ಪ್ಲೇಯರನ್ನೂ 2005ರಲ್ಲಿ ನಡೆದ ಅಕ್ಕನ ಮದುವೆಯ ಡಿಸ್ಕನ್ನೂ ತಂದು ಮುಂದಿಟ್ಟಳು. ಅಪ್ಪನ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿವೆ. ಆದರೆ ಅವರು ಓಡಾಡುವುದು, ಬಂದವರನ್ನು ಊಟಕ್ಕೆ ಏಳಿಸುವುದು ಉಳಿದಿರುವುದು ಆ ಒಂದು ಡಿಸ್ಕಿನಲ್ಲಿ ಮಾತ್ರ.

ಪ್ಲೇಯರಿನ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಎಂದು ಮೂರು ಪಿನ್ನುಗಳಿಗೆ ಜಾಗವಿದೆ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆಯ ಧ್ವನಿ, ಕೆಂಪಿನಲ್ಲಿ ಬಲಗಡೆಯ ಧ್ವನಿ. ಹೊಸ ಟಿವಿಯ ಬೆನ್ನಿನಲ್ಲಿ ಆ ಬಣ್ಣಗಳ ಸುಳಿವೇ ಇರಲಿಲ್ಲ. ಎಚ್‌ಡಿಎಂಐ ಜಾಗ ಮೂರು, ಯುಎಸ್‌ಬಿ ಎರಡು, ಆಂಟೆನಾಕ್ಕೆ ಒಂದು, ಪಕ್ಕದಲ್ಲಿ ಎರಡು ಸಣ್ಣ ದುಂಡನೆಯ ತೂತುಗಳು, ಅಷ್ಟೇ. ಎಚ್‌ಡಿಎಂಐಯ ಮೊದಲ ಮಾನದಂಡ ಹೊರಬಂದದ್ದೇ 2002ರ ಕೊನೆಯಲ್ಲಿ, ನಮ್ಮ ಪ್ಲೇಯರಿನಲ್ಲಿ ಅದು ಇಲ್ಲ. ನಿಮ್ಮ ಪ್ಲೇಯರಿನಲ್ಲಿ ಇದ್ದರೆ ಒಂದೇ ಕೇಬಲಿನಲ್ಲಿ ಚಿತ್ರವೂ ಧ್ವನಿಯೂ ಹೋಗುತ್ತವೆ, ಬೇರೆ ಯಾವ ತೊಡಕೂ ಇಲ್ಲ.

ಮರುದಿನ ಚಿಕ್ಕಮಗಳೂರಿಗೆ ಹೋಗಿ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು "ಈಗ ಇದನ್ನೆಲ್ಲ ಯಾರು ಹಾಕ್ತಾರೆ ಮೇಡಂ" ಎಂದರು. ಇನ್ನೊಬ್ಬರು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕನ್ವರ್ಟರ್ ಕೊಟ್ಟರು. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಮೂರು ಬಣ್ಣಗಳ ಪಿನ್ನು, ನೋಡಲು ಎಲ್ಲವೂ ಸರಿಯಾಗಿಯೇ ಇತ್ತು. ಮನೆಗೆ ತಂದು ಹಾಕಿದರೆ ಪರದೆಯ ಮೇಲೆ ಸಿಗ್ನಲ್ ಇಲ್ಲವೆಂಬ ಸೂಚನೆ ಬಿಟ್ಟು ಬೇರೇನೂ ಬರಲಿಲ್ಲ. ತೋಟದ ಪಂಪಿನ ಫುಟ್‌ವಾಲ್ವ್ ನೀರನ್ನು ಹೇಗೆ ಒಂದೇ ದಿಕ್ಕಿಗೆ ಬಿಡುತ್ತದೆಯೋ ಹಾಗೆಯೇ ಈ ಕನ್ವರ್ಟರುಗಳೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ ಎಂಬುದು ಆಗ ತಿಳಿಯಿತು. ನನಗೆ ಸಿಕ್ಕಿದ್ದು ಹೊಸ ಸೆಟ್‌ಟಾಪ್ ಬಾಕ್ಸಿನಂಥದ್ದನ್ನು ಹಳೆಯ ಟಿವಿಗೆ ಜೋಡಿಸುವ ಕನ್ವರ್ಟರ್. ನನಗೆ ಬೇಕಾಗಿದ್ದು 'ಎವಿ ಟು ಎಚ್‌ಡಿಎಂಐ', ಎಂದರೆ ಹಳೆಯ ಅನಲಾಗ್ ಸಿಗ್ನಲನ್ನು ಒಳಗೆ ತೆಗೆದುಕೊಂಡು ಡಿಜಿಟಲ್ ಆಗಿ ಮಾರ್ಪಡಿಸಿ ಹೊರಗೆ ಕೊಡುವಂಥದ್ದು. ಆ ಮಾರ್ಪಾಡಿಗೆ ವಿದ್ಯುತ್ ಬೇಕಾದ್ದರಿಂದ ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕೊಡಬೇಕಾಗುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಸಾಲದು, ಯಾವ ಕಡೆ 'ಇನ್‌ಪುಟ್', ಯಾವ ಕಡೆ 'ಔಟ್‌ಪುಟ್' ಎಂದು ಬರೆದಿದೆ ಎಂಬುದನ್ನು ಕಡ್ಡಾಯವಾಗಿ ಓದಿಕೊಳ್ಳಿ.

ಕೊನೆಗೆ ಕನ್ವರ್ಟರಿನ ಅಗತ್ಯವೇ ಬೀಳಲಿಲ್ಲ. ಮೊಬೈಲಿನ ಟಾರ್ಚ್ ಬಿಟ್ಟು ಟಿವಿಯ ಹಿಂಭಾಗವನ್ನು ಒಂದೊಂದಾಗಿ ಓದಿದಾಗ ಆ ಎರಡು ದುಂಡು ತೂತುಗಳಲ್ಲಿ ಒಂದು ಹೆಡ್‌ಫೋನಿನದು, ಇನ್ನೊಂದರ ಪಕ್ಕದಲ್ಲಿ 'ಎವಿ ಇನ್' ಎಂದು ಅದೇ ಕಪ್ಪು ಬಣ್ಣದಲ್ಲಿ ಕೊರೆದಿತ್ತು. ಹಳದಿ ಪಿನ್ನಿನ ಜಾಗವನ್ನು ತೆಗೆದುಹಾಕಿರಲಿಲ್ಲ, ಮೂರನ್ನೂ ಒಂದೇ ತೂತಿಗೆ ಸೇರಿಸಿದ್ದರು. ಮನೆಯಲ್ಲಿದ್ದ ಹಳೆಯ ಕ್ಯಾಮೆರಾದ ಕೇಬಲ್ ಅಳತೆಗೆ ಸರಿಹೋಯಿತೆಂದು ಸಿಕ್ಕಿಸಿ ನೋಡಿದರೆ ಗುಂಯ್ ಎಂಬ ಸದ್ದು ಮಾತ್ರ ಬಂತು. ಈ 3.5 ಮಿಲಿಮೀಟರ್ ಪಿನ್ನನ್ನು ಹತ್ತಿರದಿಂದ ನೋಡಿದರೆ ಮೂರು ಕಪ್ಪು ಉಂಗುರಗಳು ಅದನ್ನು ನಾಲ್ಕು ಭಾಗ ಮಾಡಿರುವುದು ಕಾಣುತ್ತದೆ: ಚಿತ್ರಕ್ಕೊಂದು, ಧ್ವನಿಗೆರಡು, ಈ ಮೂರಕ್ಕೂ ಮರಳುವ ದಾರಿಯಾದ ಗ್ರೌಂಡಿಗೊಂದು. ಈ ನಾಲ್ಕರ ಕ್ರಮ ಎಲ್ಲ ಕೇಬಲುಗಳಲ್ಲೂ ಒಂದೇ ಆಗಿರುವುದಿಲ್ಲ, ಗ್ರೌಂಡ್ ಜಾಗ ತಪ್ಪಿತೆಂದರೆ ಉಳಿದದ್ದೆಲ್ಲ ಕೆಡುತ್ತದೆ. ಟಿವಿಯ ಜೊತೆಗೇ ಬಂದಿದ್ದ ಗೇಣುದ್ದದ ಕೇಬಲ್, ಅಟ್ಟದ ಮೇಲಿಟ್ಟಿದ್ದ ರಟ್ಟಿನ ಪೆಟ್ಟಿಗೆಯ ಥರ್ಮಾಕೋಲಿನ ಸಂದಿಯಲ್ಲಿ ಸಿಕ್ಕಿತು. ಪ್ಲೇಯರಿನ ಮೂರು ಪಿನ್ನುಗಳನ್ನು ಅದಕ್ಕೆ ಬಣ್ಣಕ್ಕೆ ಬಣ್ಣ ಸೇರಿಸಿ, ರಿಮೋಟಿನಲ್ಲಿ ಸೋರ್ಸ್ ಒತ್ತಿ ಎವಿ ಆರಿಸಿದ ಕೂಡಲೇ ನಾದಸ್ವರ ಕೇಳಿಸಿತು, ಅದರ ಹಿಂದೆಯೇ ಚಪ್ಪರ ಕಾಣಿಸಿತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ "ನಿಮ್ಮಪ್ಪ ಯಾವತ್ತೂ ಇಷ್ಟು ದಪ್ಪ ಇದ್ದೋರಲ್ಲ ಕಣೇ" ಎಂದಳು.

ಅವಳು ಹೇಳಿದ್ದು ನಿಜ. ಆ ವಿಡಿಯೊದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 4:3, ಟಿವಿಯ ಪರದೆಯದು 16:9. ಪರದೆ ತುಂಬಲೆಂದು ಟಿವಿ ಚಿತ್ರವನ್ನು ಅಡ್ಡಕ್ಕೆ ಎಳೆದಿತ್ತು, ಅದರಿಂದ ಪ್ರತಿಯೊಬ್ಬರೂ ಮೂರನೇ ಒಂದರಷ್ಟು ಅಗಲವಾಗಿದ್ದರು. ಪಿಕ್ಚರ್ ಸೈಜ್ ಎಂಬಲ್ಲಿ 4:3 ಆರಿಸಿದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದು, ನಡುವೆ ಅಪ್ಪ ಮೊದಲಿನಂತೆ ತೆಳ್ಳಗೆ, ಹೆಗಲ ಮೇಲೆ ಶಲ್ಯ ಹಾಕಿಕೊಂಡು ನಿಂತಿದ್ದರು. ಪರದೆ ಪೂರ್ತಿ ತುಂಬಬೇಕೆಂಬ ಆಸೆಗೆ ನಮ್ಮವರ ಮುಖವನ್ನು ಕೆಡಿಸಿಕೊಂಡು ನೋಡುವುದು ಖಂಡಿತ ಬೇಡ.

ಚಿತ್ರ ಸ್ವಲ್ಪ ಮಸುಕಾಗಿ ಕಂಡಿತು, ಅದು ಪ್ಲೇಯರಿನ ದೋಷವಲ್ಲ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಇರುವುದು 720×576 ಚುಕ್ಕೆಗಳು, 4ಕೆ ಪರದೆಯಲ್ಲಿ 3840×2160. ಲೆಕ್ಕ ಹಾಕಿದರೆ ಸರಿಯಾಗಿ ಇಪ್ಪತ್ತು ಪಟ್ಟು. ಉಳಿದ ಚುಕ್ಕೆಗಳನ್ನೆಲ್ಲ ಟಿವಿ ಊಹಿಸಿ ತುಂಬಬೇಕು. ಶಾರ್ಪ್‌ನೆಸ್ ಹೆಚ್ಚಿಸಿದರೆ ಮುಖದ ಸುತ್ತ ಬಿಳಿ ಗೆರೆ ಏಳುತ್ತದೆ, ಆದ್ದರಿಂದ ಅದನ್ನು ತಗ್ಗಿಸಿ, ಕುರ್ಚಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿದೆವು.

ನನಗೆ ಹೆಚ್ಚು ಚಿಂತೆಯಾದದ್ದು ಡಿಸ್ಕಿನದು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಡಿಸ್ಕಿನ ಅಂಚಿನಲ್ಲೂ ಮಂಜಿನಂಥ ಕಲೆ ಇತ್ತು. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಸುತ್ತಲೂ ತಿರುಗಿಸಿ ಒರೆಸುವಾಗ ಗೀರು ಬಿದ್ದರೆ ಅದು ಮಾಹಿತಿಯ ಸಾಲಿನ ಉದ್ದಕ್ಕೂ ಸಾಗಿ, ಪ್ಲೇಯರಿಗೆ ತಪ್ಪನ್ನು ತಿದ್ದಿಕೊಂಡು ಓದಲು ಆಗುವುದಿಲ್ಲ. ಸ್ಟುಡಿಯೊದವರು ಕೊಟ್ಟದ್ದು ಅಚ್ಚು ಹಾಕಿದ ಡಿಸ್ಕಲ್ಲ, ಬಣ್ಣದ ಪದರದ ಮೇಲೆ ಬರೆದದ್ದು. ಆ ಪದರ ಬಿಸಿಲಿಗೂ ತೇವಕ್ಕೂ ಕಾಲಕ್ರಮೇಣ ಕೆಡುತ್ತದೆ. ಓದಲು ಬರುತ್ತಿರುವಾಗಲೇ ಅದನ್ನು ತೆಗೆದಿಡಬೇಕೆಂದು ಅದೇ ವಾರ ಕಂಪ್ಯೂಟರಿಗೆ ನಕಲು ಮಾಡಿ, ಅಕ್ಕನಿಗೂ ಒಂದು ಪ್ರತಿ ಕಳುಹಿಸಿದೆ.

ಆದರೂ ಅಮ್ಮ ಪ್ಲೇಯರಿನಲ್ಲೇ ಹಾಕಿ ನೋಡುತ್ತಾಳೆ. ರಿಮೋಟಿನ ಸೋರ್ಸ್ ಗುಂಡಿಯ ಪಕ್ಕ ಹಳದಿ ಬಿಂದಿಯೊಂದನ್ನು ಅವಳೇ ಅಂಟಿಸಿಕೊಂಡಿದ್ದಾಳೆ.